ಪರ ಊರಲ್ಲಿ ಸಂಘ ಕಟ್ಟೋಕೆ ಮೊದಲು ನೋಂದಣಿ ಬೇಕಾ?

"ಸರ, ಪುಣೆದಾಗ ನಮ್ಮ ಕಡಿ ಮಂದಿ ಭಾಳ ಇದ್ದೀವ್ರಿ. ಆಳಂದ, ಅಫಜಲಪುರ, ಶಹಾಪುರ, ಭಾಲ್ಕಿ ಎಲ್ಲಾ ಕಡಿಯವರು ಅದಾರ. ಒಂದು ಸಂಘ ಮಾಡಬೇಕಂತೀವಿ. ಮೊದಲ ರಿಜಿಸ್ಟ್ರೇಷನ್ ಎಲ್ಲಿ ಮಾಡಸ್ಬೇಕ್ರಿ?"

ಕೇಳುವವರ ಊರು ಬದಲಾಗುತ್ತದೆ. ಒಮ್ಮೆ ಪುಣೆ, ಒಮ್ಮೆ ಹೈದರಾಬಾದ್, ಒಮ್ಮೆ ದುಬೈ. ಪ್ರಶ್ನೆ ಮಾತ್ರ ಇದೇ. ಕಲಬುರಗಿಯಲ್ಲಿ ಕೂತು ಇದಕ್ಕೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಉತ್ತರ ಚಿಕ್ಕದು. ನೋಂದಣಿ ಮೊದಲು ಬೇಡ. ಜನ ಸೇರಲಿ, ಒಂದೆರಡು ವರ್ಷ ಕೆಲಸ ನಡೆಯಲಿ. ಬೇಕೆನಿಸಿದಾಗ ಮಾಡಿಸಿ.

ಇಷ್ಟು ಹೇಳಿದ ತಕ್ಷಣ ಆ ಕಡೆಯಿಂದ ಬರುವ ಮಾತು ಗೊತ್ತೇ ಇದೆ. "ನೋಂದಣಿ ಇಲ್ಲದ ಸಂಘ ಕಾನೂನಿಗೆ ವಿರುದ್ಧ ಅಲ್ವಾ?" ಅಲ್ಲ. ಖಂಡಿತ ಅಲ್ಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19(1)(ಸಿ) ವಿಧಿಯೇ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ನೋಂದಣಿ ಕಚೇರಿ ಆ ಹಕ್ಕನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. 1860ರ ಸೊಸೈಟಿ ನೋಂದಣಿ ಕಾಯ್ದೆ ಹೇಳುವುದು ಇಷ್ಟೇ: 7 ಜನ ಸೇರಿ ಬೈಲಾ, ಅಂದರೆ ಸಂಘದ ಉದ್ದೇಶ-ನಿಯಮಗಳನ್ನು ಬರೆದು ಸಹಿ ಹಾಕಿದರೆ ಸೊಸೈಟಿಯಾಗಿ ನೋಂದಾಯಿಸಿಕೊಳ್ಳಬಹುದು. ಬಹುದು, ಅಷ್ಟೇ. ಕರ್ನಾಟಕದ 1960ರ ಕಾಯ್ದೆಯಲ್ಲೂ, ತೆಲಂಗಾಣದಲ್ಲಿ ಈಗ ನಡೆಯುವ 2001ರ ಕಾಯ್ದೆಯಲ್ಲೂ ಅದೇ 7 ಜನರ ಲೆಕ್ಕ.

ಹಾಲ್ ಸಿಗೋದಿಲ್ಲ ಅನ್ನುತ್ತಾರೆ. ಹಾಲಿನವರಿಗೆ ಬೇಕಾಗಿರೋದು ಬಾಡಿಗೆ ಮತ್ತು ಜವಾಬ್ದಾರಿ ಹೊರುವ ಒಬ್ಬ ಮನುಷ್ಯ. ಮೈಕಿಗೆ ಅನುಮತಿ ಕೊಡೋದಿಲ್ಲ ಅನ್ನುತ್ತಾರೆ. ಅರ್ಜಿಯನ್ನು ಒಬ್ಬ ವ್ಯಕ್ತಿಯೂ ಕೊಡಬಹುದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಧ್ವನಿವರ್ಧಕದ ನಿಯಮ ನೋಂದಣಿ ಆದವರಿಗೂ ಒಂದೇ, ಆಗದವರಿಗೂ ಒಂದೇ. ದುಡ್ಡು ಎತ್ತಬಾರದು ಅನ್ನುತ್ತಾರೆ. ನಿಮ್ಮ ನಿಮ್ಮ ಮನೆಗಳವರು ಸೇರಿ ಊಟದ ಖರ್ಚು ಹಂಚಿಕೊಂಡರೆ ಕೇಳುವವರಿಲ್ಲ. ಮಹಾರಾಷ್ಟ್ರದಲ್ಲಿ ಧರ್ಮಕಾರ್ಯಕ್ಕೆಂದು ಹೊರಗಿನ ಜನರಿಂದ ಚಂದಾ ಎತ್ತುವುದಾದರೆ ಚಾರಿಟಿ ಕಮಿಷನರ್ ಕಚೇರಿಯ ತಾತ್ಕಾಲಿಕ ಅನುಮತಿ ಬೇಕು. ನೋಂದಣಿ ಇಲ್ಲದ ಗಣೇಶ ಮಂಡಳಿಗಳು ಪಡೆಯುವುದು ಅದನ್ನೇ. ಪುಣೆಯಲ್ಲಿ ಇದ್ದು ಗಣೇಶ ಮಂಡಳಿ ನೋಡದವರು ಯಾರಿದ್ದಾರೆ?

ಅಷ್ಟು ದೂರ ಯಾಕೆ, ನಮ್ಮ ಊರುಗಳನ್ನೇ ನೋಡಿ. ಮೊಹರಂ ಬಂತೆಂದರೆ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೋಡುವವರು ಯಾರು, ಕಟ್ಟಿಗೆ ತರುವವರು ಯಾರು, ರಿವಾಯತ್ (ಕರ್ಬಲಾದ ಕಥೆಯ ಪದ) ಹಾಡುವವರು ಯಾರು ಎಂದು ಯಾವ ಬೈಲಾದಲ್ಲೂ ಬರೆದಿಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಮೊಹರಂ ದೇವರು ಕೂಡುತ್ತವೆ. ದುಡಿಯೋಕೆ ಮುಂಬೈ, ಬೆಂಗಳೂರಿಗೆ ಹೋದವರು ರಜೆ ಹಾಕಿ ಬರುತ್ತಾರೆ. ಭಜನಾ ಮಂಡಳಿಗಳೂ ಹಾಗೇ ನಡೆದುಕೊಂಡು ಬಂದಿವೆ. ಇಂಥ ಊರುಗಳಿಂದ ಹೋದವರು ನಾವು. ಸಂಘಟನೆ ನಮಗೆ ಯಾರೂ ಕಲಿಸಬೇಕಿಲ್ಲ.

ಮೊದಲೇ ನೋಂದಣಿ ಮಾಡಿಸಿದರೆ ತಪ್ಪೇನು ಎಂದೂ ಕೇಳುತ್ತಾರೆ. ತಪ್ಪಿದೆ. ಜನ ಇನ್ನೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿಯೇ ಇರುವುದಿಲ್ಲ, ಆಗಲೇ ಅಧ್ಯಕ್ಷ ಯಾರು, ಕಾರ್ಯದರ್ಶಿ ಯಾರು ಎಂಬ ಜಗಳ ಶುರು. ಕಲಬುರಗಿಯವರಾ, ಬೀದರಿನವರಾ ಎಂಬುದು ಮೊದಲ ಸಭೆಯಲ್ಲೇ ಬರುತ್ತದೆ. ಬೇಸರವಾಗಿ ಹೆಣ್ಣುಮಕ್ಕಳು ಎರಡನೇ ಸಭೆಗೆ ಬರುವುದಿಲ್ಲ. ಜೊತೆಗೆ ಕಾಗದದ ಕೆಲಸ ಜಾಸ್ತಿ. ವರ್ಷ ವರ್ಷ ಲೆಕ್ಕ ಪರಿಶೋಧನೆ ಆಗಬೇಕು. ಮಹಾರಾಷ್ಟ್ರದಲ್ಲಿ ಸೊಸೈಟಿ ಆದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಗೂ ಒಳಪಡುತ್ತೀರಿ. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ವರದಿ ಕೊಡಬೇಕು. ಕಟ್ಟಡದ ಕೆಲಸಕ್ಕೋ ಸೆಕ್ಯುರಿಟಿಗೋ ಹೋಗುವ ಮನುಷ್ಯ ಇದಕ್ಕೆಲ್ಲ ಎಲ್ಲಿಂದ ರಜೆ ತರಬೇಕು?

ಜಾಗ ಕೊಳ್ಳುವಾಗ, ಸರ್ಕಾರದ ಅನುದಾನ ಕೇಳುವಾಗ, ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವಾಗ ನೋಂದಣಿ ಬೇಕು. ಆ ದಿನ ಬಂದಾಗ ಮಾಡಿಸಿ.

ಹಾಗಾದರೆ ಮೊದಲು ಏನು ಮಾಡಬೇಕು? ಸುಮ್ನೆ ನವೆಂಬರ್ 1ಕ್ಕೆ ಆರ್ಕೆಸ್ಟ್ರಾ ತರಿಸಬೇಡಿ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಮಾಡಿ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಮನೆಯಿಂದ ಬರಲಿ. ಊರಲ್ಲಾದರೆ ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುತ್ತೀರಿ, ಅಲ್ಲಿ ಯಾವುದಾದರೂ ತೋಟ ಹುಡುಕಿ. ಪಕ್ಕದ ಮನೆಯ ಲಾತೂರಿನವರನ್ನು ಕರೆಯಿರಿ. ಅವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ಅಮಾವಾಸ್ಯೆಗೆ ಅವರೂ ಹೊಲಕ್ಕೆ ಹೋಗುತ್ತಾರೆ, ಅದೇ ಭಜ್ಜಿ, ಅದೇ ಅಂಬಲಿ. ಈಗ ಲಾತೂರ ಜಿಲ್ಲೆಯಲ್ಲಿರುವ ಉದಗೀರ, ನಿಲಂಗಾ, ಅಹಮದಪುರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದ ತಾಲ್ಲೂಕುಗಳು. ಹೈದರಾಬಾದಿನಲ್ಲಿದ್ದರೆ ತಾಂಡೂರು, ಕೊಡಂಗಲ್ ಕಡೆಯವರನ್ನು ಕರೆಯಿರಿ. ಅವು ಆಗ ಕಲಬುರಗಿ ಜಿಲ್ಲೆ. ಈ ಎಲ್ಲ ಊರುಗಳ ಮೇಲಿದ್ದ ಹೈದರಾಬಾದ್ ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರ್ 17ರಂದು ಕೊನೆಯಾಯಿತು. ಆ ದಿನವನ್ನು ನಾವೂ ಆಚರಿಸುತ್ತೇವೆ, ಮರಾಠವಾಡದವರೂ, ತೆಲಂಗಾಣದವರೂ ಆಚರಿಸುತ್ತಾರೆ. ಮೂರು ಭಾಷೆಯ ಹಿರಿಯರನ್ನು ಒಂದು ಕಡೆ ಕೂಡಿಸಿ, ನಿಜಾಮನ ಪರ ನಿಂತಿದ್ದ ರಜಾಕಾರರ ಪಡೆಯ ಕಾಲದಲ್ಲಿ ಅವರ ಮನೆಗಳಲ್ಲಿ ಏನಾಯಿತು ಎಂದು ಮಾತಾಡಿಸಿ. ಮಕ್ಕಳು ಕೂತು ಕೇಳುತ್ತಾರೆ. ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ, ಮಾಡಿದವರು ಮತ್ತೆ ಫೋನ್ ಮಾಡಿ ಖುಷಿಯಿಂದ ಹೇಳಿಕೊಂಡಿದ್ದಾರೆ.

ದುಬೈ, ಅಬುಧಾಬಿಯವರು ಮಾತ್ರ ಮೇಲಿನ ಮಾತನ್ನು ಹಾಗೇ ತೆಗೆದುಕೊಳ್ಳಬೇಡಿ. ಅಲ್ಲಿ 2021ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದವರು ದೇಣಿಗೆ ಎತ್ತುವುದು ಅಪರಾಧ. ವಾಟ್ಸಾಪಿನಲ್ಲಿ ಕೇಳಿದರೂ ಅಷ್ಟೇ. ಪರವಾನಗಿ ಇರುವ ಭಾರತೀಯ ಸಂಸ್ಥೆಯ ಆಸರೆಯಲ್ಲೇ ಕಾರ್ಯಕ್ರಮ ಮಾಡಿ.

ಇದನ್ನು ಹೇಳಿದ ಮೇಲೆ, ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ವಿಷಯವಿದೆ. ಹೊರದೇಶದವರು ಊರಿನ ಶಾಲೆಗೋ ಜಾತ್ರೆಗೋ ಕಳಿಸುವ ದುಡ್ಡಿನ ಕಥೆ ಏನು? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಎಷ್ಟು ವರ್ಷ ಅಲ್ಲೇ ಇದ್ದರೂ ಅಲ್ಲ. ಆದರೆ ಅಮೆರಿಕದ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆ. ಅವರು ಸೇಡಂನಲ್ಲೇ ಹುಟ್ಟಿರಲಿ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇರಲಿ, ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಪಡೆಯಲು 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿನ ಅನುಮತಿ ಬೇಕೇ ಬೇಕು. ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸೊಸೈಟಿಯಾಗಿ ನೋಂದಣಿ ಆಗದ ಗುಂಪನ್ನೂ ಈ ಕಾಯ್ದೆ ಬಿಡುವುದಿಲ್ಲ.

ಹಾಗಾಗಿ ರಸೀದಿ ಪುಸ್ತಕ ಅಚ್ಚು ಹಾಕಿಸುವಾಗ, ಕೊಟ್ಟವರ ಹೆಸರಿನ ಪಕ್ಕ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಬರೆಯಲು ಒಂದು ಕಾಲಂ ಇರಲಿ. ಖಾತೆ ನಂಬರ್ ಕೊಡುವ ಮೊದಲೇ ಅದನ್ನು ಕೇಳಿಕೊಳ್ಳಿ.