ಹೊರೈಜನ್ ಯುರೋಪ್‌ಗೆ ಬ್ರಿಟನ್ ಮರಳಿದ್ದು ಹೇಗೆ?

ಬ್ರೆಕ್ಸಿಟ್ ಓದುವಾಗ ಇಲ್ಲೊಂದು ಕಡೆ ಎಡವುವುದು ಸುಲಭ. ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಬ್ರಿಟನ್ ಅದರ ಸಂಶೋಧನಾ ಯೋಜನೆಯಾದ ಹೊರೈಜನ್ ಯುರೋಪನ್ನೂ ಬಿಡಲೇಬೇಕಿತ್ತು ಎಂದು ಬರೆದುಬಿಡುತ್ತೇವೆ. ಹಾಗೇನಿಲ್ಲ. ನಾರ್ವೆ, ಇಸ್ರೇಲ್ ಒಕ್ಕೂಟದಲ್ಲಿಲ್ಲ, ಆದರೂ ದುಡ್ಡು ಕಟ್ಟಿ ಹೊರೈಜನ್ ಯುರೋಪ್‌ಗೆ ಸೇರಿವೆ. ಇಂಥವನ್ನು ಸಹಯೋಗಿ ದೇಶ ಅನ್ನೋಣ.

ಈ ಯೋಜನೆಯ ಅವಧಿ 2021ರಿಂದ 2027. ಬಜೆಟ್ ಸುಮಾರು 95.5 ಬಿಲಿಯನ್ ಯೂರೋ. ಬ್ರಿಟನ್ ಸೇರುವ ಮಾತು 2020ರ ಡಿಸೆಂಬರ್‌ನ ವ್ಯಾಪಾರ ಒಪ್ಪಂದದಲ್ಲೇ ಇತ್ತು. ಮತ್ಯಾಕೆ ಮೂರು ವರ್ಷ ತಡ? ಜಗಳ ಇದ್ದದ್ದು ಉತ್ತರ ಐರ್ಲೆಂಡಿಗೆ ಹೋಗುವ ಸರಕಿನ ತಪಾಸಣೆಯ ಬಗ್ಗೆ. ಅದಕ್ಕೂ ಪ್ರಯೋಗಾಲಯಕ್ಕೂ ಏನು ಸಂಬಂಧ? ಆದರೂ ಅದು ಬಗೆಹರಿಯದೆ ಇದು ಮುಂದೆ ಹೋಗಲಿಲ್ಲ. 2023ರ ಫೆಬ್ರವರಿಯಲ್ಲಿ ಆ ಜಗಳ ಬಗೆಹರಿಸುವ ವಿಂಡ್ಸರ್ ಒಪ್ಪಂದವಾಯಿತು. ಸೆಪ್ಟೆಂಬರ್ 7ಕ್ಕೆ ಮರಳುವ ಘೋಷಣೆ ಬಂತು. 2024ರ ಜನವರಿ 1ರಿಂದ ಬ್ರಿಟನ್ ಸಹಯೋಗಿ ದೇಶ.

ನಡುವಿನ ಆ ಮೂರು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ಓದಿ. ಹೊರೈಜನ್‌ನಲ್ಲಿ ಗೆದ್ದ ತನ್ನ ವಿಜ್ಞಾನಿಗಳಿಗೆ ತಾನೇ ದುಡ್ಡು ಕೊಡುತ್ತೇನೆ ಎಂದು ಬ್ರಿಟಿಷ್ ಸರ್ಕಾರ ಭರವಸೆ ಕೊಟ್ಟಿತ್ತು, ಕೊಟ್ಟಿತು ಕೂಡ. ಹಾಗಾದರೆ ನಷ್ಟವಾದದ್ದು ಏನು ಅಂತ ಕೇಳಬಹುದು. ದೊಡ್ಡ ಯೋಜನೆಗೆ ಸಾಮಾನ್ಯವಾಗಿ ಕನಿಷ್ಠ ಮೂರು ದೇಶಗಳ ಸಂಸ್ಥೆಗಳು ಗುಂಪು ಕಟ್ಟಬೇಕು. ಹೊರಗಿನವರು ತಮ್ಮ ಖರ್ಚಿನಲ್ಲಿ ಸೇರಬಹುದು, ಆದರೆ ಮುಂದಾಳತ್ವ ವಹಿಸುವಂತಿಲ್ಲ. ಹಾಗಾಗಿ ಯೋಚನೆ ಬ್ರಿಟನ್ನಿನವರದ್ದೇ ಆದರೂ ಮುಂದಾಳತ್ವವನ್ನು ಬೇರೆ ದೇಶದವರಿಗೆ ಒಪ್ಪಿಸಬೇಕಾಯಿತು. ನಾಳೆ ಒಳಗಿರುತ್ತಾರೋ ಇಲ್ಲವೋ ಗೊತ್ತಿಲ್ಲದವರನ್ನು ಗುಂಪಿಗೆ ಕರೆಯಲು ಯಾರಾದರೂ ಹಿಂಜರಿಯುತ್ತಾರೆ, ಅಲ್ವಾ?

ಐರೋಪ್ಯ ಸಂಶೋಧನಾ ಮಂಡಳಿಯ ಅನುದಾನದ ಕಥೆ ಇನ್ನೂ ನೋವಿನದು. ಅದು ಒಬ್ಬೊಬ್ಬ ವಿಜ್ಞಾನಿಗೆ ಸಿಗುವಂಥದ್ದು, ಆದರೆ ಕೆಲಸ ಮಾಡುವ ಸಂಸ್ಥೆ ಸದಸ್ಯ ಅಥವಾ ಸಹಯೋಗಿ ದೇಶದಲ್ಲಿರಬೇಕು. 2022ರಲ್ಲಿ ಬ್ರಿಟನ್‌ನಲ್ಲಿದ್ದ ವಿಜೇತರ ಮುಂದೆ ಎರಡೇ ದಾರಿ: ದೇಶ ಬಿಡಿ, ಇಲ್ಲವೇ ಅನುದಾನ ಬಿಡಿ. ನೂರಕ್ಕೂ ಜಾಸ್ತಿ ಜನರ ಅನುದಾನ ರದ್ದಾಯಿತು. ಕೆಲವರು ಗಂಟುಮೂಟೆ ಕಟ್ಟಿದರು. ಮನೆ, ಮಕ್ಕಳ ಶಾಲೆ, ಜೊತೆಗಿರುವ ವಿದ್ಯಾರ್ಥಿಗಳು, ಎಲ್ಲವನ್ನೂ ಯೋಚಿಸಿ ಇಂಥ ತೀರ್ಮಾನ ಮಾಡಬೇಕಾದವರ ಪಾಡು ಅದು. ಸರ್ಕಾರದ ಬದಲಿ ದುಡ್ಡು ಇದನ್ನು ತುಂಬಿಕೊಡಲಿಲ್ಲ.

ಮರಳುವಾಗಿನ ಲೆಕ್ಕ ಇದು: ಕೋಪರ್ನಿಕಸ್ ಉಪಗ್ರಹ ಯೋಜನೆಯೂ ಸೇರಿ ವರ್ಷಕ್ಕೆ ಸರಾಸರಿ 2.6 ಬಿಲಿಯನ್ ಯೂರೋ. ಹೊರಗಿದ್ದ ವರ್ಷಗಳಿಗೆ ಕಟ್ಟಬೇಕಿಲ್ಲ. ಕಟ್ಟಿದ್ದಕ್ಕಿಂತ ತೀರಾ ಕಡಿಮೆ ವಾಪಸ್ ಬಂದರೆ ಪರಿಹಾರವೂ ಉಂಟು.

ಪೂರ್ತಿ ಮರಳಿದರು ಅಂತ ಮಾತ್ರ ಬರೆಯಬೇಡಿ. ಪರಮಾಣು ಸಂಶೋಧನೆಯ ಯುರಾಟಮ್ ಯೋಜನೆಗೆ ಬ್ರಿಟನ್ ಸೇರಲಿಲ್ಲ, ಸಮ್ಮಿಳನಕ್ಕೆ, ಅಂದರೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಂಶೋಧನೆಗೆ, ತನ್ನದೇ ದಾರಿ ಹಿಡಿಯಿತು. ಯುರೋಪಿನ ವಿಜ್ಞಾನಿಗಳು ದಶಕಗಳ ಕಾಲ ಒಟ್ಟಿಗೆ ದುಡಿದ ಜೆಟ್ ಸಮ್ಮಿಳನ ಯಂತ್ರ ಇದ್ದದ್ದು ಆಕ್ಸ್‌ಫರ್ಡ್ ಹತ್ತಿರದ ಕಲ್ಹಮ್‌ನಲ್ಲಿ. 2023ರ ಡಿಸೆಂಬರ್‌ನಲ್ಲಿ, ಬ್ರಿಟನ್ ಹೊರೈಜನ್‌ಗೆ ಮರಳಲು ಕೆಲವೇ ದಿನಗಳಿರುವಾಗ, ಅದು ಕೊನೆಯ ಪ್ರಯೋಗ ಮುಗಿಸಿತು.