ಇಳಿದ ಮೇಲೆ ಚಕ್ರ ಮಡಚಿದ ಬಾಂಬರ್‌ಗಳು

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವಾಯುಪಡೆಗೆ ಒಂದು ವಿಚಿತ್ರ ತಲೆನೋವು ಶುರುವಾಗಿತ್ತು. ಬಿ-17 ಬಾಂಬರ್ ಸಲೀಸಾಗಿ ಬಂದು ತನ್ನದೇ ರನ್‌ವೇ ಮೇಲೆ ಇಳಿಯುತ್ತಿತ್ತು, ಸದ್ಯ ಮುಗೀತು ಅನ್ನುವಷ್ಟರಲ್ಲಿ ಪೈಲಟ್ ಕೈಯಾರೆ ಚಕ್ರಗಳನ್ನೇ ಮಡಚಿಬಿಡುತ್ತಿದ್ದ! ನಾಲ್ಕು ಎಂಜಿನ್ನಿನ ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಪ್ರೊಪೆಲರ್‌ನ ಅಲಗುಗಳು ನೆಲಕ್ಕೆ ಬಡಿದು ಬಾಗುತ್ತಿದ್ದವು, ಆ ಏಟು ಎಂಜಿನ್ನಿನ ಒಳಗಿನ ಶಾಫ್ಟಿಗೂ ತಟ್ಟುತ್ತಿತ್ತು. ಇದನ್ನೆಲ್ಲ 'ಪೈಲಟ್ ತಪ್ಪು' ಅಂತ ಬರೆದುಕೊಂಡರೆ ಸುಲಭ, ಅಲ್ವಾ?

ಆ ಕ್ಷಣದಲ್ಲಿ ಅವನು ಎತ್ತಬೇಕಿದ್ದದ್ದು ಫ್ಲ್ಯಾಪ್. ರೆಕ್ಕೆಯ ಹಿಂಬದಿಯ ಈ ಹಲಗೆ ಕೆಳಗೆ ಬಾಗಿದ್ದರೆ ವೇಗ ಕಡಿಮೆಯಿದ್ದರೂ ರೆಕ್ಕೆ ವಿಮಾನವನ್ನು ಜಾಸ್ತಿ ಎತ್ತಿ ಹಿಡಿಯುತ್ತದೆ, ಹಾಗಾಗಿ ಇಳಿಯುವಾಗ ಅದು ಬೇಕು. ನೆಲ ಮುಟ್ಟಿದ ಮೇಲೆ ಬೇಡ. ರೆಕ್ಕೆ ಇನ್ನೂ ಎತ್ತುತ್ತಲೇ ಇದ್ದರೆ ವಿಮಾನದ ಭಾರ ಪೂರ್ತಿ ಚಕ್ರದ ಮೇಲೆ ಕೂರುವುದಿಲ್ಲ, ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಓಹಾಯೊದ ರೈಟ್ ಫೀಲ್ಡ್ ವಾಯುನೆಲೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಅಲ್ಫೋನ್ಸ್ ಚಪಾನಿಸ್ ಒಂದು ಸಂಗತಿ ಗಮನಿಸಿದರು. ಬಿ-17, ಬಿ-25, ಪಿ-47 ಯುದ್ಧವಿಮಾನಗಳ ಪೈಲಟ್‌ಗಳು ಈ ಎಡವಟ್ಟು ಮಾಡಿಕೊಳ್ಳುತ್ತಿದ್ದರು, ಸಿ-47ರವರು ಮಾತ್ರ ಮಾಡುತ್ತಿರಲಿಲ್ಲ. (ಸಿ-47 ಅಂದರೆ ಡಕೋಟಾ, ಯುದ್ಧಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೂ ರಿಪೇರಿಗೆ ಬರುತ್ತಿದ್ದ ವಿಮಾನ.) ಸಿ-47 ಓಡಿಸುವವರೇನು ಬೇರೆ ಜಾತಿಯ ಮನುಷ್ಯರೇ?

ಕಾಕ್‌ಪಿಟ್‌ಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಬಿ-17ರಲ್ಲಿ ಚಕ್ರದ ಸ್ವಿಚ್ಚು, ಫ್ಲ್ಯಾಪ್ ಸ್ವಿಚ್ಚು ಎರಡೂ ಅಕ್ಕಪಕ್ಕ, ಎರಡೂ ಒಂದೇ ಥರ. ಗಂಟೆಗಟ್ಟಲೆ ಹಾರಿ ಸುಸ್ತಾದವನ ಕಣ್ಣು ರನ್‌ವೇ ಮೇಲಿರುತ್ತದೆ, ಕೈ ಅಂದಾಜಿನಲ್ಲಿ ಹುಡುಕುತ್ತದೆ. ಫ್ಯಾನ್ ಹಾಕಲು ಹೋಗಿ ಲೈಟ್ ಹಾಕುತ್ತೀವಲ್ಲ, ಹಾಗೆ. ಡಕೋಟಾದಲ್ಲಿ ಈ ಎರಡು ನಿಯಂತ್ರಣಗಳು ಬೇರೆ ಬೇರೆ ಕಡೆ ಇದ್ದವು, ಬಳಸುವ ರೀತಿಯೂ ಬೇರೆ.

ಚಪಾನಿಸ್ ಕೊಟ್ಟ ಪರಿಹಾರ ನನಗೆ ತುಂಬಾ ಇಷ್ಟ, ಯಾಕಂದರೆ ಅದರಲ್ಲಿ ದೊಡ್ಡ ತಂತ್ರಜ್ಞಾನವೇ ಇಲ್ಲ. ಚಕ್ರದ ನಿಯಂತ್ರಣದ ತುದಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡು. ಅಷ್ಟೇ. ಏನು ಹಿಡಿದಿದ್ದೇನೆ ಅಂತ ನೋಡದೇನೇ ಬೆರಳಿಗೆ ಗೊತ್ತಾಗುತ್ತದೆ, ಕೈ ತಪ್ಪಾದ ಕಡೆ ಹೋದರೂ ಎಳೆಯುವ ಮುಂಚೆಯೇ ಎಚ್ಚರವಾಗುತ್ತದೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಸಂಶೋಧಕರು, ನಿಯಂತ್ರಣ ಬಳಸುವಾಗ ಪೈಲಟ್‌ಗಳು ಎಡವಿದ 460 ಪ್ರಸಂಗಗಳನ್ನು ಜೋಡಿಸಿ ನೋಡಿದಾಗ ಹೆಚ್ಚುಕಮ್ಮಿ ಅರ್ಧದಷ್ಟು ಒಂದು ನಿಯಂತ್ರಣದ ಬದಲು ಇನ್ನೊಂದನ್ನು ಹಿಡಿದವೇ ಆಗಿದ್ದವು. ಬೈದು ಬುದ್ಧಿ ಹೇಳಿದರೆ ಇದು ನಿಲ್ಲುವಂಥದ್ದಲ್ಲ.

ಈಗ ದೊಡ್ಡ ವಿಮಾನಗಳಲ್ಲಿ ಚಕ್ರದ ಹಿಡಿ ಚಕ್ರದ ಆಕಾರದಲ್ಲೇ, ಫ್ಲ್ಯಾಪಿನ ಹಿಡಿ ರೆಕ್ಕೆಯ ಆಕಾರದಲ್ಲೇ ಇರಬೇಕು ಅಂತ ಅಮೆರಿಕದ ನಿಯಮವೇ ಇದೆ. ಜೊತೆಗೆ ಚಕ್ರದ ಮೇಲೆ ಭಾರ ಬಿದ್ದಿದೆಯಾ ಅಂತ ತಿಳಿಯುವ ಸೆನ್ಸರ್ ಇರುತ್ತದೆ. ವಿಮಾನ ನೆಲದ ಮೇಲಿದ್ದಾಗ ಸುಮ್ನೆ ಎಳೆದರೆ ಚಕ್ರದ ಹಿಡಿ ಮೇಲಕ್ಕೇ ಹೋಗದ ಹಾಗೆ ಅದು ತಡೆಯುತ್ತದೆ.