ವಾರ್ಸಾದಿಂದ ಜಾಯ್ ಡಿವಿಷನ್‌ಗೆ: ಪಂಕ್ ಕತ್ತಲಿಗೆ ಹೊರಳಿದ ಬಗೆ

ಒರಟು, ವೇಗದ ರಾಕ್ ಸಂಗೀತವಾದ ಪಂಕ್‌ನಿಂದ ಹೊರಳಿ ಬಂದ ಪೋಸ್ಟ್-ಪಂಕ್ ಎಂದರೇನು ಎಂಬ ವ್ಯಾಖ್ಯೆಯನ್ನು ಉರು ಹೊಡೆಯುವುದಕ್ಕಿಂತ ಒಂದೇ ತಂಡದ ಮೂರು ವರ್ಷದ ಹಾಡುಗಳನ್ನು ಕ್ರಮವಾಗಿ ಕೇಳುವುದು ಮೇಲು. ಪಂಕ್ ಹೀಗೆ ಬದಲಾದದ್ದು ನನಗೆ ಅರ್ಥವಾದದ್ದು ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ತಂಡದ ಮೂಲಕ.

1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಕಾರ್ಯಕ್ರಮ ನಡೆಯಿತು. ಕೇಳಲು ಹೋಗಿದ್ದ ಪೀಟರ್ ಹುಕ್ ಮರುದಿನವೇ ಬೇಸ್ ಗಿಟಾರ್ ಕೊಂಡರು. ಜೊತೆಗಿದ್ದ ಬರ್ನಾರ್ಡ್ ಸಮ್ನರ್ ಗಿಟಾರ್ ಹಿಡಿದರು. ಹಾಡಲು ಇಯಾನ್ ಕರ್ಟಿಸ್ ಸೇರಿಕೊಂಡರು, 1977ರ ಆಗಸ್ಟ್‌ನಲ್ಲಿ ಡ್ರಮ್ಸ್‌ಗೆ ಸ್ಟೀಫನ್ ಮಾರಿಸ್ ಬಂದರು. ಆಗ ತಂಡದ ಹೆಸರು ವಾರ್ಸಾ. ಲಂಡನ್ನಿನಲ್ಲಿ ವಾರ್ಸಾ ಪ್ಯಾಕ್ಟ್ ಎಂಬ ಇನ್ನೊಂದು ತಂಡವಿದ್ದುದರಿಂದ 1978ರ ಆರಂಭದಲ್ಲಿ ಹೆಸರು ಜಾಯ್ ಡಿವಿಷನ್ ಎಂದು ಬದಲಾಯಿತು.

1977ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಿಸಿದ ನಾಲ್ಕು ಹಾಡುಗಳಲ್ಲಿ ಇನ್ನೂ ಪಂಕ್‌ನ ಆತುರವೇ ಹೆಚ್ಚು. ಆದರೆ ಅವುಗಳಲ್ಲೊಂದಾದ ‘ನೋ ಲವ್ ಲಾಸ್ಟ್’ನಲ್ಲಿ ದನಿ ಬರುವ ಮೊದಲು ವಾದ್ಯಗಳು ಬಹಳ ಹೊತ್ತು ಸುತ್ತುತ್ತಲೇ ಇರುತ್ತವೆ. ಮುಂದೆ ಆಗುವುದರ ಮೊಳಕೆ ಅಲ್ಲಿದೆ.

ಮೊದಲು ಗಮನಿಸಬೇಕಾದದ್ದು ಬೇಸ್, ಅಂದರೆ ತಗ್ಗಿನ ಸ್ವರಗಳ ಗಿಟಾರ್. ಸಮ್ನರ್ ಗಿಟಾರ್‌ನ ಅಬ್ಬರದಲ್ಲಿ ಹುಕ್‌ಗೆ ತಮ್ಮ ಕಳಪೆ ಆಂಪ್ಲಿಫೈಯರ್‌ನ ದನಿಯೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಮೇಲಿನ ಸ್ಥಾಯಿಯಲ್ಲಿ ನುಡಿಸತೊಡಗಿದರು. ಕರ್ಟಿಸ್ ಅದನ್ನು ಮೆಚ್ಚಿ ಹುರಿದುಂಬಿಸಿದರು. ಪರಿಣಾಮ ನೋಡಿ: ತಳದಲ್ಲಿರಬೇಕಾದ ಬೇಸ್ ಮೇಲೇರಿ ರಾಗ ಹಿಡಿಯಿತು, ಗಿಟಾರ್‌ಗೆ ಎಡೆಬಿಡದೆ ಬಾರಿಸುವ ಹೊಣೆ ತಪ್ಪಿತು, ಕೆಳಗೆ ಜಾಗ ತೆರವಾಯಿತು. ಆ ತೆರವಿನಲ್ಲೇ ಕರ್ಟಿಸ್‌ರ ತಗ್ಗಿದ ದನಿ ನಿಂತಿತು. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇದೇ. ಈ ಕತ್ತಲೆ ಏನನ್ನೋ ಸೇರಿಸಿದ್ದರಿಂದ ಬಂದದ್ದಲ್ಲ, ತೆಗೆದದ್ದರಿಂದ ಬಂದದ್ದು.

ಆ ಜಾಗವನ್ನು ಹಿಗ್ಗಿಸಿದವರು ನಿರ್ಮಾಪಕ ಮಾರ್ಟಿನ್ ಹ್ಯಾನೆಟ್. 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಮೊದಲ ಆಲ್ಬಮ್ ‘ಅನ್‌ನೋನ್ ಪ್ಲೆಶರ್ಸ್’ ಮುದ್ರಣವಾಯಿತು. ಒಂದು ಡ್ರಮ್‌ನ ಸದ್ದು ಇನ್ನೊಂದರ ಮೈಕ್‌ಗೆ ಸೋರದಂತೆ ಹ್ಯಾನೆಟ್ ಅವನ್ನು ಬೇರೆ ಬೇರೆಯಾಗಿ ಮುದ್ರಿಸಿದರು. ಆಮೇಲೆ ಸದ್ದನ್ನು ತುಸು ತಡವಾಗಿ ಮರಳಿಸುವ ಎಎಂಎಸ್ ಡಿಜಿಟಲ್ ಡಿಲೇ ಎಂಬ ಉಪಕರಣ ಬಳಸಿದರು. ಹೊಡೆತದ ಬೆನ್ನಿಗೇ ಕ್ಷಣದ ಒಂದಂಶ ತಡವಾಗಿ ಅದೇ ಹೊಡೆತ ಮರಳಿದರೆ, ಕಿವಿ ಅದನ್ನು ಎರಡು ಪೆಟ್ಟು ಎಂದು ಎಣಿಸುವುದಿಲ್ಲ, ಯಾವುದೋ ಖಾಲಿ ಹಜಾರದಲ್ಲಿ ಕೇಳಿದಂತೆ ಭಾವಿಸುತ್ತದೆ. ‘ಇನ್‌ಸೈಟ್’ನಲ್ಲಿ ಕರ್ಟಿಸ್‌ರ ದನಿಯನ್ನು ಟೆಲಿಫೋನ್ ತಂತಿಯ ಮೂಲಕ ಹಾಯಿಸಿದರು. ಕೊನೆಯ ಹಾಡಿನಲ್ಲಿ ಗಾಜು ಒಡೆಯುವ ಸದ್ದಿದೆ.

ಇದು ಹುಕ್ ಮತ್ತು ಸಮ್ನರ್ ಬಯಸಿದ ಸದ್ದಾಗಿರಲಿಲ್ಲ ಎಂಬುದನ್ನು ಮರೆಯಬೇಡಿ. ವೇದಿಕೆಯ ಮೇಲಿನ ಬಿರುಸು ರೆಕಾರ್ಡ್‌ನಲ್ಲಿ ಸತ್ತಿದೆ ಎಂದು ಅವರಿಗೆ ಬೇಸರವಿತ್ತು. ಹಾಗಾಗಿ ಆ ವಾತಾವರಣದ ಅರ್ಧ ಪಾಲು ಹ್ಯಾನೆಟ್‌ಗೆ ಸಲ್ಲಬೇಕು.

1980ರ ಮಾರ್ಚ್‌ನಲ್ಲಿ ಲಂಡನ್ನಿನ ಬ್ರಿಟಾನಿಯಾ ರೋ ಸ್ಟುಡಿಯೊದಲ್ಲಿ ಮುದ್ರಿಸಿದ ಎರಡನೆಯ ಆಲ್ಬಮ್ ‘ಕ್ಲೋಸರ್’ ಹೊತ್ತಿಗೆ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯಕ್ಕೂ ಪಾಲು ಬಂದಿದೆ. ಮೊದಲ ಹಾಡಿನಲ್ಲಿ ಹುಕ್ ಗಿಟಾರ್, ಸಮ್ನರ್ ಬೇಸ್ ನುಡಿಸಿದ್ದಾರೆ. ಆಲ್ಬಮ್ ಜುಲೈನಲ್ಲಿ ಹೊರಬಂತು, ಕರ್ಟಿಸ್ ಮೇ 18ರಂದೇ ತೀರಿಕೊಂಡಿದ್ದರು. ಅವರ ಸಾವನ್ನು ಹಿಂದಕ್ಕೆ ಓದಿ, ಕತ್ತಲಿಗೆಲ್ಲ ಅದೇ ಕಾರಣ ಎನ್ನುವ ಬರಹಗಳು ಬಹಳ. ನನಗದು ಒಪ್ಪಿಗೆಯಿಲ್ಲ. ಬೇಸ್ ಮೇಲೇರಿದ್ದು, ಡ್ರಮ್ಸ್ ಬಿಡಿಬಿಡಿಯಾದದ್ದು ಅದಕ್ಕೂ ಮೊದಲೇ. ಅವು ನಾಲ್ವರ ಮತ್ತು ಒಬ್ಬ ನಿರ್ಮಾಪಕರ ದುಡಿಮೆ.

ಕೇಳಿ ನೋಡಲು ಒಂದು ಜೋಡಿ: ‘ಶ್ಯಾಡೋಪ್ಲೇ’ ಹಾಡಿನ ಎರಡು ರೂಪಗಳು. 1978ರ ಮೇ ತಿಂಗಳಲ್ಲಿ ಮುದ್ರಿಸಿ, ತಂಡಕ್ಕೇ ಹಿಡಿಸದೆ ಬಿಟ್ಟ ರೂಪ ಮೊದಲು, ‘ಅನ್‌ನೋನ್ ಪ್ಲೆಶರ್ಸ್’ನಲ್ಲಿರುವ 1979ರ ರೂಪ ಆಮೇಲೆ. ಎರಡನೆಯದನ್ನು ಕೇಳುವಾಗ ಗಿಟಾರ್ ಸುಮ್ಮನಿರುವ ಕಡೆಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ.